ಎಸ್‌ಜೆಎಫ್ ಅಷ್ಟು ಚೆನ್ನಾಗಿದ್ದರೆ ಯಾರೂ ಯಾಕೆ ಇಟ್ಟುಕೊಂಡಿಲ್ಲ?

ಪ್ರಶ್ನೆ: ಸಿಪಿಯು ಶೆಡ್ಯೂಲಿಂಗ್ (ಯಾವ ಕೆಲಸಕ್ಕೆ ಸಿಪಿಯು ಯಾವಾಗ ಕೊಡಬೇಕು ಅನ್ನುವುದು) ಲೆಕ್ಕ ಮಾಡುವಾಗ ಸರಾಸರಿ ಕಾಯುವ ಸಮಯ ಪ್ರತಿ ಸಲವೂ ಎಸ್‌ಜೆಎಫ್‌ನಲ್ಲೇ, ಅಂದರೆ ಚಿಕ್ಕ ಕೆಲಸ ಮೊದಲು ಅನ್ನುವ ಕ್ರಮದಲ್ಲೇ, ಕಡಿಮೆ ಬರುತ್ತದೆ. ಹಾಗಾದರೆ ಲಿನಕ್ಸ್, ವಿಂಡೋಸ್ ಅದನ್ನೇ ಯಾಕೆ ಬಳಸುವುದಿಲ್ಲ?

ಬಿಸಿಎ, ಡಿಪ್ಲೊಮಾ ಹುಡುಗರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ನನಗೆ ಇದರ ಉತ್ತರ ಸರಿಯಾಗಿ ತಲೆಗೆ ಹೋಗಿದ್ದು ಶಿರಸಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ, ಜೂನ್ ತಿಂಗಳ ಮಳೆಯಲ್ಲಿ ಕೊಡೆ ಮಡಚಿಕೊಂಡು ನಿಂತಾಗ.

ಅಡ್ಮಿಷನ್ ಸಮಯ. ಮಷೀನ್ ಒಂದೇ. ನನ್ನ ಮುಂದೆ ಮೂವರು. ಮೊದಲನೆಯವನದು ಪ್ರಾಜೆಕ್ಟ್ ರಿಪೋರ್ಟ್, 30 ನಿಮಿಷದ ಕೆಲಸ. ಅವನ ಹಿಂದೆ ಆಧಾರ್ ಕಾರ್ಡ್ ಹಿಡಿದ ಒಬ್ಬ ಅಕ್ಕ, 2 ನಿಮಿಷ. ಆಮೇಲೆ ಮಾರ್ಕ್ಸ್ ಕಾರ್ಡ್‌ಗಳ ಹುಡುಗಿ, 4 ನಿಮಿಷ.

ಬಂದವರಿಗೆ ಬಂದ ಹಾಗೆ ಮಾಡಿಕೊಟ್ಟರೆ ಅದು ಎಫ್‌ಸಿಎಫ್‌ಎಸ್. ಕಾಯುವುದು 0, 30, 32 ನಿಮಿಷ. ಸರಾಸರಿ ಹತ್ತಿರ ಹತ್ತಿರ 21. ಚಿಕ್ಕ ಕೆಲಸ ಮೊದಲು ಅಂದರೆ ಎಸ್‌ಜೆಎಫ್. ಆಗ ಅಕ್ಕ 0, ಹುಡುಗಿ 2, ರಿಪೋರ್ಟಿನ ಹುಡುಗ 6 ನಿಮಿಷ ಕಾಯಬೇಕು. ಸರಾಸರಿ 3 ನಿಮಿಷವೂ ಇಲ್ಲ! ಇದರಲ್ಲಿ ಜಾದೂ ಏನಿಲ್ಲ. ಅಕ್ಕನನ್ನು ಮುಂದೆ ಬಿಟ್ಟರೆ ಹುಡುಗನಿಗೆ 2 ನಿಮಿಷ ನಷ್ಟ, ಅಕ್ಕನಿಗೆ 30 ನಿಮಿಷ ಲಾಭ. ಅಷ್ಟೇ.

ಎಫ್‌ಸಿಎಫ್‌ಎಸ್‌ನ ತೊಂದರೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಯಲ್ಲಾಪುರದಿಂದ ಅಂಕೋಲಾಕ್ಕೆ ಹೋಗುವಾಗ ಅರಬೈಲ್ ಘಟ್ಟದಲ್ಲಿ ಲೋಡ್ ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆಲ್ಲ ಅದು ಗೊತ್ತು. ಲಾರಿ ತೆವಳುತ್ತದೆ, ಹಿಂದಿನ ಕಾರು ಬೈಕುಗಳೂ ಅದರ ಜೊತೆಗೇ ತೆವಳಬೇಕು. ಇದಕ್ಕೆ ಕಾನ್ವಾಯ್ ಎಫೆಕ್ಟ್ ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ಇನ್ನೊಂದು ಕಷ್ಟವೂ ಇದೆ. ದೊಡ್ಡ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಸಿಪಿಯು ಹಿಡಿದು ಕೂತಿರುವಾಗ ಡಿಸ್ಕ್‌ಗೆ ಕೆಲಸ ಕೊಡಬೇಕಾದ ಚಿಕ್ಕ ಪ್ರೊಸೆಸ್‌ಗಳೆಲ್ಲ ಹಿಂದೆ ಸಾಲು ನಿಂತಿರುತ್ತವೆ. ಅಷ್ಟು ಹೊತ್ತು ಡಿಸ್ಕ್ ಸುಮ್ನೆ ಖಾಲಿ.

ಸರಿ, ಎಸ್‌ಜೆಎಫ್ ಗೆದ್ದಿತಲ್ಲ? ಅಲ್ಲೇ ಒಬ್ಬ ಅಜ್ಜ ಬಂದರು.

"ತಮಾ, ಒಂದೇ ಹಾಳೆ. ಬೇಗ ಮಾಡಿಕೊಡು, ಬಸ್ಸಿಗೆ ಹೊತ್ತಾತು."

ಒಂದೇ ತಾನೇ ಅಂತ ಎಲ್ಲರೂ ಜಾಗ ಬಿಟ್ಟರು. ಅಜ್ಜ ಪ್ಲಾಸ್ಟಿಕ್ ಚೀಲದಿಂದ ಪಹಣಿ ತೆಗೆದರು. ಅದರ ಒಳಗೆ ಇನ್ನೊಂದು ಮಡಿಸಿದ ಹಾಳೆ. ಅದಾದ ಮೇಲೆ ಪಾಸ್‌ಬುಕ್. ಪಾಸ್‌ಬುಕ್ಕಿನ ಒಳಗೆ ರೇಷನ್ ಕಾರ್ಡ್. ಒಂದೊಂದನ್ನೂ ತೊಡೆಯ ಮೇಲಿಟ್ಟು ಒತ್ತಿ ಒತ್ತಿ ನೆಟ್ಟಗೆ ಮಾಡಿ ಕೊಡುತ್ತಿದ್ದರು. ಒಂದು ಹೋಗಿ ಏಳಾಯಿತು. ಅಂಗಡಿಯವ ನಕ್ಕು, "ಅಜ್ಜಾ, ಒಂದೇ ಅಂದಿದ್ರಿ!" ಎಂದ.

ನಿಮ್ಮ ಪ್ರಶ್ನೆಗೆ ಉತ್ತರ ಆ ಚೀಲದಲ್ಲೇ ಇದೆ. ಲೆಕ್ಕದಲ್ಲಿ ಬರ್ಸ್ಟ್ ಟೈಮ್ (ಎಷ್ಟು ಹೊತ್ತು ಸಿಪಿಯು ಬೇಕು) ಅಂತ ಒಂದು ಕಾಲಂ ಬರೆದೇ ಕೊಟ್ಟಿರುತ್ತಾರೆ. ನಿಜವಾದ ಪ್ರೊಸೆಸ್ ಬರುವಾಗ ಹಾಗೆ ಚೀಟಿ ಹಿಡಿದು ಬರುವುದಿಲ್ಲ. ನೀವು ಬ್ರೌಸರ್ ತೆರೆದರೆ ಅದು ಎಷ್ಟು ಹೊತ್ತು ಸಿಪಿಯು ತಿನ್ನುತ್ತದೆ ಅಂತ ಬ್ರೌಸರಿಗೇ ಗೊತ್ತಿಲ್ಲ. ಮತ್ತೆ ಚಿಕ್ಕ ಕೆಲಸಗಳು ಬರುತ್ತಲೇ ಇದ್ದರೆ ಆ ರಿಪೋರ್ಟಿನ ಹುಡುಗ ಅಂಗಡಿ ಬಾಗಿಲು ಹಾಕುವವರೆಗೂ ನಿಂತೇ ಇರಬೇಕು. ಇದೇ ಸ್ಟಾರ್ವೇಷನ್.

ಗೊತ್ತಿಲ್ಲದಿದ್ದರೆ ಊಹೆ ಮಾಡಬೇಕು. ಒಂದು ದಾರಿ, ಹಿಂದಿನ ಊಹೆಯನ್ನೂ ನಿಜವಾಗಿ ಹಿಡಿದ ಸಮಯವನ್ನೂ ಬೆರೆಸುವುದು. ಊಹೆ 10 ಇತ್ತು, ಆಗಿದ್ದು 6. ಅರ್ಧರ್ಧ ಬೆರೆಸಿದರೆ ಮುಂದಿನ ಊಹೆ 8. ಆಮೇಲೆ ಆಗಿದ್ದು 4 ಅಂದರೆ ಊಹೆ 6ಕ್ಕೆ ಇಳಿಯುತ್ತದೆ.

ಇನ್ನೊಂದು ದಾರಿ ಊಹೆಯನ್ನೇ ಬಿಟ್ಟುಬಿಡುವುದು: ರೌಂಡ್ ರಾಬಿನ್. ಎಲ್ಲರಿಗೂ 2-2 ನಿಮಿಷದ ಪಾಳಿ. ಅದೇ ಮೂವರಿಗೆ ಲೆಕ್ಕ ಹಾಕಿದರೆ ಅಕ್ಕ 2, ಹುಡುಗಿ 6, ಹುಡುಗ 6 ನಿಮಿಷ ಕಾಯುತ್ತಾರೆ. ಸರಾಸರಿ 5ಕ್ಕಿಂತ ಸ್ವಲ್ಪ ಕಡಿಮೆ. ಎಸ್‌ಜೆಎಫ್‌ನಷ್ಟು ಚೆನ್ನಾಗಿಲ್ಲ, ಆದರೆ ಯಾರ ಕೆಲಸ ಎಷ್ಟು ಅಂತ ಕೇಳದೇ ಬಂದ ಫಲ ಇದು. ಪಾಳಿ ತೀರಾ ಉದ್ದ ಮಾಡಿದರೆ ಮತ್ತೆ ಎಫ್‌ಸಿಎಫ್‌ಎಸ್ಸೇ ಆಗುತ್ತದೆ. ತೀರಾ ಗಿಡ್ಡ ಮಾಡಿದರೆ ಹಾಳೆ ತೆಗೆದು ಹಾಳೆ ಇಡುವುದರಲ್ಲೇ ಹೊತ್ತು ಹೋಗುತ್ತದೆ. ಈ ಬದಲಾವಣೆಯೇ ಕಾಂಟೆಕ್ಸ್ಟ್ ಸ್ವಿಚ್, ಅದಕ್ಕೂ ಖರ್ಚಿದೆ.

ನನಗೆ ತುಂಬಾ ಇಷ್ಟವಾದದ್ದು ಮೂರನೆಯ ದಾರಿ. 1960ರ ದಶಕದ ಶುರುವಿನಲ್ಲಿ ಎಂಐಟಿಯಲ್ಲಿ ಕೋರ್ಬಟೊ ಮತ್ತು ಜೊತೆಗಾರರು ಸಿಟಿಎಸ್‌ಎಸ್ ಎನ್ನುವ ಸಿಸ್ಟಮ್‌ನಲ್ಲಿ ಬಳಸಿದ್ದು. ಹೊಸಬ ಬಂದರೆ ಚಿಕ್ಕ ಕೆಲಸದವನು ಅಂತಲೇ ನಂಬಿ ಮೇಲಿನ ಸಾಲಿನಲ್ಲಿ ನಿಲ್ಲಿಸು. ಕೊಟ್ಟ ಪಾಳಿ ಪೂರ್ತಿ ತಿಂದರೂ ಮುಗಿಯಲಿಲ್ಲವೋ, ಕೆಳಗಿನ ಸಾಲಿಗೆ ಕಳಿಸು. ಅಜ್ಜನ ಮಾತು ಮೊದಲನೇ ಹಾಳೆಗೆ ನಂಬಬಹುದು, ಮೂರನೇದಕ್ಕೆ ಬೇಡ. ಇದೇ ಮಲ್ಟಿಲೆವೆಲ್ ಫೀಡ್‌ಬ್ಯಾಕ್ ಕ್ಯೂ. ಕೆಳಗೆ ಕೂತವರನ್ನು ಆಗಾಗ ಮೇಲೆತ್ತಿದರೆ ಸ್ಟಾರ್ವೇಷನ್ ಕಾಟವೂ ತಪ್ಪುತ್ತದೆ.

ವಿಂಡೋಸ್ ಇದರ ನೆಂಟನೇ. 0ಯಿಂದ 31ರವರೆಗೆ ಪ್ರಯಾರಿಟಿ, ಸಮಾನರ ನಡುವೆ ರೌಂಡ್ ರಾಬಿನ್. ಲಿನಕ್ಸ್ 2007ರಲ್ಲಿ ಬೇರೆಯದೇ ಹಾದಿ ಹಿಡಿಯಿತು. ಇಂಗೊ ಮೋಲ್ನಾರ್ ಬರೆದ ಸಿಎಫ್‌ಎಸ್ ಎನ್ನುವ ಶೆಡ್ಯೂಲರ್, ಇಲ್ಲಿಯವರೆಗೆ ಯಾರು ಕಡಿಮೆ ಸಮಯ ಪಡೆದಿದ್ದಾರೋ ಮುಂದಿನ ಪಾಳಿ ಅವರಿಗೆ ಅನ್ನುತ್ತದೆ. ಕೀಬೋರ್ಡ್ ಒತ್ತುವುದನ್ನೇ ಕಾಯುತ್ತಾ ಮಲಗಿರುವ ಎಡಿಟರ್ ಎದ್ದ ಕೂಡಲೇ ಮುಂದೆ ಬರುತ್ತದೆ, ವಿಡಿಯೊ ಎನ್‌ಕೋಡರ್ ಹಿಂದೆ ಸರಿಯುತ್ತದೆ. ಚಿಕ್ಕ ಕೆಲಸಕ್ಕೆ ಆದ್ಯತೆ ಸಿಕ್ಕಿತಲ್ವಾ, ಯಾರೂ ಅಳತೆ ಕೇಳದೆ? 2023ರಲ್ಲಿ ಬಂದ ಲಿನಕ್ಸ್ 6.6 ಕರ್ನಲ್‌ನಿಂದ (ಕರ್ನಲ್ ಅಂದರೆ ಸಿಸ್ಟಮ್‌ನ ತಿರುಳು) ಆ ಜಾಗಕ್ಕೆ ಇಇವಿಡಿಎಫ್ ಎನ್ನುವ ಶೆಡ್ಯೂಲರ್ ಬಂದಿದೆ. ಅದು ನ್ಯಾಯದ ಜೊತೆ ಗಡುವನ್ನೂ ನೋಡುತ್ತದೆ.

ಇನ್ನು ನಿಮ್ಮ ಪ್ರಶ್ನೆಯಲ್ಲಿರುವ "ಪ್ರತಿ ಸಲವೂ" ಅನ್ನುವ ಮಾತು. ಎಲ್ಲ ಪ್ರೊಸೆಸ್ ಒಟ್ಟಿಗೇ ಬಂದಿದ್ದರೆ ಮಾತ್ರ ಅದು ಖಾತ್ರಿ. ಅರೈವಲ್ ಟೈಮ್ (ಬಂದ ಸಮಯ) ಬೇರೆ ಬೇರೆ ಇದ್ದರೆ, ನಡೆಯುತ್ತಿರುವ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿ ಚಿಕ್ಕದಕ್ಕೆ ಜಾಗ ಕೊಡುವ ಎಸ್‌ಆರ್‌ಟಿಎಫ್‌ನಲ್ಲೇ ಸರಾಸರಿ ಅತಿ ಕಡಿಮೆ. ಪರೀಕ್ಷೆಯಲ್ಲಿ ಗ್ಯಾಂಟ್ ಚಾರ್ಟ್ (ಯಾರ ಪಾಳಿ ಯಾವಾಗ ಅನ್ನುವ ಚಿತ್ರ) ಗೀಚುವ ಮೊದಲು ಅರೈವಲ್ ಟೈಮ್ ಕಾಲಂ ಒಮ್ಮೆ ನೋಡಿಕೊಳ್ಳಿ.