ಮಾಡೆಲ್‌ನ ನಂಟು, ಡೇಟಾಬೇಸಿನ ಕಾವಲು

ವೆಬ್ ಅಪ್ಲಿಕೇಶನ್‌ಗಳಲ್ಲಿ ಎರಡು ಮಾಡೆಲ್‌ಗಳ (ಲೇಖಕ, ಲೇಖನದಂಥ ಡೇಟಾವನ್ನು ಪ್ರತಿನಿಧಿಸುವ ಕೋಡಿನ ಭಾಗಗಳ) ನಡುವಿನ ಸಂಬಂಧವನ್ನು ಕೋಡಿನಲ್ಲಿ ಅಸೋಸಿಯೇಷನ್ ಆಗಿಯೂ ಡೇಟಾಬೇಸಿನಲ್ಲಿ ಫಾರಿನ್ ಕೀ ಆಗಿಯೂ, ಅಂದರೆ ಒಂದು ಟೇಬಲ್‌ನ ಸಾಲು ಇನ್ನೊಂದರಲ್ಲಿ ನಿಜವಾಗಿ ಇರುವ ಸಾಲನ್ನೇ ಸೂಚಿಸಬೇಕೆಂಬ ನಿಯಮವಾಗಿಯೂ, ಬರೆಯಬಹುದು. ಮೊದಲನೆಯದನ್ನು ಬರೆದು ಎರಡನೆಯದನ್ನು ಕೈಬಿಡುವ ರೂಢಿ ಇಂದಿಗೂ ಉಳಿದಿದೆ. ಅದಕ್ಕೆ ಬರೀ ಅಸಡ್ಡೆ ಕಾರಣವಲ್ಲ.

1970ರಲ್ಲಿ ಐಬಿಎಂನ ಇ. ಎಫ್. ಕಾಡ್, ಡೇಟಾವನ್ನು ಟೇಬಲ್‌ಗಳಾಗಿ ಜೋಡಿಸುವ ರಿಲೇಶನಲ್ ಮಾದರಿಯನ್ನು ಮಂಡಿಸಿದ ಪ್ರಬಂಧದಲ್ಲಿಯೇ ಫಾರಿನ್ ಕೀ ಕಾಣಿಸಿಕೊಂಡಿತ್ತು. ಆದರೂ ಡೇಟಾಬೇಸುಗಳ ಭಾಷೆಯಾದ ಎಸ್‌ಕ್ಯುಎಲ್‌ನ 1986ರ ಮೊದಲ ಮಾನಕದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. 1989ರ ಪರಿಷ್ಕರಣೆಯವರೆಗೆ ಕಾಯಬೇಕಾಯಿತು. ವೆಬ್ ಬೆಳೆದ ಕಾಲಕ್ಕೆ ಜನಪ್ರಿಯವಾಗಿದ್ದ ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ ಡೇಟಾವನ್ನು ಸಂಗ್ರಹಿಸುವ ಮೈಐಸ್ಯಾಮ್ ಎಂಜಿನ್ ಇನ್ನೂ ವಿಚಿತ್ರವಾಗಿತ್ತು: ಫಾರಿನ್ ಕೀ ಘೋಷಣೆಯನ್ನು ಯಾವ ತಕರಾರೂ ಇಲ್ಲದೆ ಓದಿಕೊಂಡು, ಜಾರಿಗೆ ಮಾತ್ರ ತರುತ್ತಿರಲಿಲ್ಲ. ಫಾರಿನ್ ಕೀಯನ್ನು ನಿಜವಾಗಿ ಪಾಲಿಸುವ ಇನ್ನೊಡಿಬಿ ಎಂಬ ಇನ್ನೊಂದು ಎಂಜಿನ್ ಮೈಎಸ್‌ಕ್ಯುಎಲ್‌ನಲ್ಲಿ ಡೀಫಾಲ್ಟ್ ಆದದ್ದು 2010ರಲ್ಲಿ ಬಂದ 5.5ನೇ ಆವೃತ್ತಿಯಲ್ಲಿ.

ಈ ನಡುವೆ, 2004ರಲ್ಲಿ, ವೆಬ್ ಅಪ್ಲಿಕೇಶನ್ ಕಟ್ಟುವ ಚೌಕಟ್ಟಾದ ರೂಬಿ ಆನ್ ರೈಲ್ಸ್ ಬಂದಿತ್ತು. 'ಹ್ಯಾಸ್ ಮೆನಿ', 'ಬಿಲಾಂಗ್ಸ್ ಟು' ಎಂಬ ಒಂದೊಂದು ಸಾಲಿನ ಕೋಡಿನಲ್ಲಿ ಸಂಬಂಧವನ್ನು ಹೇಳಿ ಮುಗಿಸುವ ಸೊಗಸು ಅದರದು. ಡೇಟಾದ ನಿಯಮಗಳನ್ನು ಅಪ್ಲಿಕೇಶನ್ನೇ ನೋಡಿಕೊಳ್ಳಬೇಕು ಎಂಬುದು ಅದರ ನಿಲುವಾಗಿತ್ತು. ಮೈಗ್ರೇಶನ್‌ನಲ್ಲಿ (ಡೇಟಾಬೇಸಿನ ರಚನೆಯನ್ನು ಬದಲಿಸುವ ಕೋಡಿನಲ್ಲಿ) ಫಾರಿನ್ ಕೀ ಸೇರಿಸುವ ಸೌಲಭ್ಯ ರೈಲ್ಸ್‌ನೊಳಗೇ ದೊರೆತದ್ದು 2014ರ 4.2ನೇ ಆವೃತ್ತಿಯಲ್ಲಿ. ಇಂಥದ್ದೇ ಇನ್ನೊಂದು ಚೌಕಟ್ಟಾದ ಜಾಂಗೋ ಇದಕ್ಕೆ ಭಿನ್ನವಾಗಿ ಮಾಡೆಲ್‌ನ ಘೋಷಣೆಯಿಂದಲೇ ಡೇಟಾಬೇಸಿನ ನಿರ್ಬಂಧವನ್ನೂ, ಅಂದರೆ ಫಾರಿನ್ ಕೀಯನ್ನೂ, ರಚಿಸುತ್ತದೆ. ಈ ಒಂದು ವಿಷಯದಲ್ಲಿ ಅದರ ದಾರಿಯೇ ಸರಿಯೆಂದು ನನ್ನ ಅನಿಸಿಕೆ.

ಏಕೆಂದರೆ ಅಪ್ಲಿಕೇಶನ್ ಮಾಡುವ ಪರಿಶೀಲನೆಗೂ ಡೇಟಾಬೇಸಿಗೆ ಬರೆಯುವುದಕ್ಕೂ ನಡುವೆ ಸದಾ ಒಂದು ಸಣ್ಣ ಅಂತರವಿರುತ್ತದೆ. ಲೇಖಕನ ದಾಖಲೆ ಇದೆಯೆಂದು ಅಪ್ಲಿಕೇಶನ್‌ಗೆ ಬಂದ ಒಂದು ವಿನಂತಿ (ರಿಕ್ವೆಸ್ಟ್) ಖಚಿತಪಡಿಸಿಕೊಂಡು ಅವನ ಹೆಸರಿನಲ್ಲಿ ಹೊಸ ಲೇಖನವನ್ನು ಸೇರಿಸುವಷ್ಟರಲ್ಲಿ, ಇನ್ನೊಂದು ವಿನಂತಿ ಆ ಲೇಖಕನನ್ನೇ ಅಳಿಸಿರಬಹುದು. ಎರಡೂ ಯಶಸ್ವಿಯಾಗುತ್ತವೆ, ಲೇಖಕನಿಲ್ಲದ ಸಾಲು ಟೇಬಲ್‌ನಲ್ಲಿ ಉಳಿಯುತ್ತದೆ. ಮಾಡೆಲ್‌ಗಳನ್ನು ದಾಟಿ ನೇರವಾಗಿ ಡೇಟಾಬೇಸಿಗೆ ಬರೆಯುವ ಸ್ಕ್ರಿಪ್ಟ್‌ಗಳಂತೂ ಯಾವ ಪರಿಶೀಲನೆಗೂ ಸಿಗುವುದಿಲ್ಲ.

ಹಳೆಯ ಟೇಬಲ್‌ಗೆ ಫಾರಿನ್ ಕೀ ಸೇರಿಸಲು ಹೊರಟಾಗ ಎದುರಾಗುವುದು ಇಂಥ ಸಾಲುಗಳೇ. ಅವು ಇರುವವರೆಗೆ ಡೇಟಾಬೇಸ್ ಸಾಮಾನ್ಯವಾಗಿ ನಿರ್ಬಂಧವನ್ನು ಒಪ್ಪುವುದಿಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ 'ನಾಟ್ ವ್ಯಾಲಿಡ್' ಎಂದು ಸೇರಿಸಿದರೆ ಹೊಸದಾಗಿ ಸೇರಿಸುವ ಅಥವಾ ಬದಲಿಸುವ ಸಾಲುಗಳಿಗೆ ನಿಯಮ ಕೂಡಲೇ ಅನ್ವಯಿಸುತ್ತದೆ, ಹಳೆಯ ಸಾಲುಗಳನ್ನು ಸರಿಪಡಿಸಿ ಬಳಿಕ ಪರಿಶೀಲನೆಗೆ ಒಡ್ಡಬಹುದು. ಇನ್ನೊಡಿಬಿ ಫಾರಿನ್ ಕೀ ಕಾಲಂಗೆ ಅಗತ್ಯವಾದ ಇಂಡೆಕ್ಸನ್ನು (ಸಾಲುಗಳನ್ನು ಬೇಗ ಹುಡುಕಲು ನೆರವಾಗುವ ಸೂಚಿಯನ್ನು) ತಾನೇ ರಚಿಸಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಹಾಗೆ ಮಾಡುವುದಿಲ್ಲವಾದ್ದರಿಂದ, ಅಲ್ಲಿ ಇಂಡೆಕ್ಸ್ ಮರೆತರೆ ಮೂಲ ಟೇಬಲ್‌ನ ಒಂದು ಸಾಲನ್ನು ಅಳಿಸುವುದಕ್ಕೂ ಅದನ್ನು ಅವಲಂಬಿಸಿದ ಇಡೀ ಟೇಬಲನ್ನು ಓದಬೇಕಾಗಿ ಬರುತ್ತದೆ.