‘ನಾನು ಯೋಗ್ಯನಲ್ಲ’ ಅಂತ ಪ್ರತಿ ಪೂಜೆಯಲ್ಲೂ ಯಾಕೆ ಹೇಳುತ್ತೇವೆ?

ಓದುಗರ ಪ್ರಶ್ನೆ: ಚರ್ಚಿನ ಬಲಿಪೂಜೆಯಲ್ಲಿ ಪರಮಪ್ರಸಾದ (ಯೇಸುಸ್ವಾಮಿಯ ಶರೀರವೆಂದು ನಂಬಿ ಸ್ವೀಕರಿಸುವ ರೊಟ್ಟಿ) ಸ್ವೀಕರಿಸುವ ಮುಂಚೆ ‘ಪ್ರಭುವೇ, ನಾನು ಯೋಗ್ಯನಲ್ಲ’ ಅಂತ ಎಲ್ಲರೂ ಹೇಳುತ್ತೇವೆ. ಪಿಯುಸಿ ಓದುವ ನನ್ನ ಮಗಳು ಹೋದ ಭಾನುವಾರ ಕೇಳಿದಳು: ‘ಅಮ್ಮಾ, ನಮ್ಮನ್ನು ನಾವೇ ಕೀಳು ಮಾಡಿಕೊಳ್ಳೋದು ದೇವರಿಗೆ ಇಷ್ಟಾನಾ?’ ಏನು ಹೇಳಲಿ?

ಮಗಳನ್ನು ಗದರಿಸಬೇಡಿ. ಆ ಮಾತನ್ನು ಅವಳು ಕಿವಿಗೊಟ್ಟು ಕೇಳಿದ್ದಾಳೆ, ಅದಕ್ಕೇ ಪ್ರಶ್ನೆ ಹುಟ್ಟಿದೆ. ನಾವು ಎಷ್ಟೋ ಜನ ವರ್ಷಗಟ್ಟಲೆ ಬಾಯಿಪಾಠ ಒಪ್ಪಿಸಿದ್ದೇವೆ, ಅಲ್ವಾ?

ಮೊದಲು ಆ ಮಾತು ಯಾರದು ಅಂತ ಅವಳಿಗೆ ಹೇಳಿ. ಅದನ್ನು ಆಡಿದವನು ಒಬ್ಬ ಸೇನಾಧಿಕಾರಿ, ಶತಾಧಿಪತಿ. ಕತೆ ಬೈಬಲಿನಲ್ಲಿ, ಯೇಸುಸ್ವಾಮಿಯ ಜೀವನ ಹೇಳುವ ಮತ್ತಾಯನ ಶುಭಸಂದೇಶದ 8ನೇ ಅಧ್ಯಾಯದಲ್ಲಿದೆ, ಲೂಕನ 7ನೇ ಅಧ್ಯಾಯದಲ್ಲೂ ಇದೆ. ಊರು ಕಪೆರ್ನೌಮ್, ಗಲಿಲೇಯ ಸರೋವರದ ಬಡಗಣ ದಡದಲ್ಲಿದ್ದ ಮೀನುಗಾರರ ಊರು. ಯೇಸುಸ್ವಾಮಿಯ ಶಿಷ್ಯ ಪೇತ್ರನ ಮನೆ ಇದ್ದದ್ದೂ ಅಲ್ಲೇ. ಶತಾಧಿಪತಿ ಅಂದರೆ ಹೆಸರಿಗೆ ನೂರು ಸಿಪಾಯಿಗಳ ಒಡೆಯ. ರೋಮಿನ ಸೈನ್ಯದಲ್ಲಿ ನಿಜವಾಗಿ ಇರುತ್ತಿದ್ದದ್ದು ಸುಮಾರು 80 ಜನ. ಇವನು ಯೆಹೂದ್ಯನಲ್ಲ, ಹೊರಗಿನವನು. ಆದರೆ ಕೈಯಲ್ಲಿ ಅಧಿಕಾರ ಇತ್ತು, ದುಡ್ಡಿತ್ತು, ಊರಲ್ಲಿ ಒಳ್ಳೆ ಹೆಸರೂ ಇತ್ತು. ಕೀಳರಿಮೆಯಿಂದ ಕುಗ್ಗಿದ ಮನುಷ್ಯ ಅಲ್ಲವೇ ಅಲ್ಲ.

ಅವನ ಮನೆಯ ಆಳು ಕಾಯಿಲೆ ಬಿದ್ದಿದ್ದ. ಲೂಕನ ಪ್ರಕಾರ ಸಾಯುವ ಸ್ಥಿತಿ. ಮತ್ತಾಯ ಹೇಳುವುದು ಪಾರ್ಶ್ವವಾಯು, ಸಹಿಸಲಾಗದ ನೋವು. ಆ ಕಾಲದಲ್ಲಿ ಒಬ್ಬ ಗುಲಾಮ ಸತ್ತರೆ ಸಂತೆಯಲ್ಲಿ ಇನ್ನೊಬ್ಬನನ್ನು ಕೊಂಡು ತರಬಹುದಿತ್ತು. ಈ ಅಧಿಕಾರಿ ಮಾತ್ರ ಅವನಿಗಾಗಿ ಹಂಬಲಿಸಿ ಯೇಸುಸ್ವಾಮಿಗೆ ಮೊರೆಯಿಟ್ಟ. ನನ್ನ ಮಟ್ಟಿಗೆ ಇವನ ದೀನತೆ ಶುರುವಾಗುವುದೇ ಇಲ್ಲಿ. ‘ಯೋಗ್ಯನಲ್ಲ’ ಅಂತ ಬಾಯಿ ಬಿಡುವ ಮುಂಚೆಯೇ ಅವನು ತನ್ನ ಆಳಿನ ಹಾಸಿಗೆಯ ಪಕ್ಕಕ್ಕೆ ಬಗ್ಗಿದ್ದ.

ಮುಂದಿನದನ್ನು ಲೂಕ ಬಹಳ ಚೆನ್ನಾಗಿ ಹೇಳುತ್ತಾನೆ. ಅಧಿಕಾರಿ ತಾನೇ ಬರುವುದಿಲ್ಲ, ಊರಿನ ಯೆಹೂದ್ಯ ಹಿರಿಯರನ್ನು ಕಳಿಸುತ್ತಾನೆ. ಅವರು ಬಂದು ಜೋರಾಗಿ ಶಿಫಾರಸು ಮಾಡುತ್ತಾರೆ: ಈ ಉಪಕಾರಕ್ಕೆ ಅವನು ಯೋಗ್ಯ, ನಮ್ಮ ಜನರನ್ನು ಕಂಡರೆ ಅವನಿಗೆ ಪ್ರೀತಿ, ನಮಗೆ ಪ್ರಾರ್ಥನಾ ಮಂದಿರ ಕಟ್ಟಿಸಿಕೊಟ್ಟಿದ್ದಾನೆ. (ಕಪೆರ್ನೌಮಿನಲ್ಲಿ ಇವತ್ತು ಕಾಣುವ ಬಿಳಿ ಕಲ್ಲಿನ ಮಂದಿರದ ಅವಶೇಷ ಆಮೇಲಿನ ಕಾಲದ್ದು. ಅದರ ಕೆಳಗೆ ಕರಿಕಲ್ಲಿನ ಅಡಿಪಾಯ ಇದೆ. ಅದು ಇವನು ಕಟ್ಟಿಸಿದ ಮಂದಿರದ್ದೇ ಇರಬಹುದು ಅನ್ನುವವರಿದ್ದಾರೆ.)

ಯೇಸುಸ್ವಾಮಿ ಹೊರಟರು. ಮನೆ ಇನ್ನೇನು ಹತ್ತಿರ ಬಂತು ಅನ್ನುವಾಗ ಅಧಿಕಾರಿಯ ಗೆಳೆಯರು ಎದುರು ಬಂದರು. ಅವರ ಕೈಲಿ ಅವನು ಹೇಳಿಕಳಿಸಿದ್ದ: ‘ಪ್ರಭುವೇ, ತೊಂದರೆ ತೆಗೆದುಕೊಳ್ಳಬೇಡಿ. ನೀವು ನನ್ನ ಸೂರಿನಡಿ ಕಾಲಿಡುವಷ್ಟು ಯೋಗ್ಯತೆ ನನಗಿಲ್ಲ. ಒಂದು ಮಾತು ಹೇಳಿ, ಸಾಕು, ನನ್ನ ಆಳು ಗುಣವಾಗುತ್ತಾನೆ.’

ಹಿರಿಯರು ಮುಂದಿಟ್ಟ ಲೆಕ್ಕವನ್ನು ಅವನೇ ಪಕ್ಕಕ್ಕೆ ಸರಿಸಿಬಿಟ್ಟ ನೋಡಿ. ಮಂದಿರ ಕಟ್ಟಿಸಿದ್ದು ಸುಳ್ಳಲ್ಲ. ಆದರೆ ಅದನ್ನು ತೋರಿಸಿ ‘ನನಗೆ ಇಷ್ಟು ಸಲ್ಲಬೇಕು’ ಅಂತ ಕೇಳಲು ಅವನಿಗೆ ಮನಸ್ಸಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಯೆಹೂದ್ಯರು ಅನ್ಯಜನರ ಮನೆಯೊಳಗೆ ಹೋಗುವುದು ಆಗ ಮೈಲಿಗೆ. ಪೇತ್ರನೇ ಮುಂದೆ ಬೈಬಲಿನ ‘ಪ್ರೇಷಿತರ ಕಾರ್ಯಕಲಾಪಗಳು’ ಪುಸ್ತಕದ 10ನೇ ಅಧ್ಯಾಯದಲ್ಲಿ ಆ ಮಾತು ಎತ್ತುತ್ತಾನೆ. ತನ್ನಿಂದ ಯೇಸುಸ್ವಾಮಿಗೆ ಮುಜುಗರ ಆಗಬಾರದು ಅನ್ನುವ ಕಾಳಜಿಯೂ ಆ ಮಾತಿನಲ್ಲಿತ್ತು ಅಂತ ನನಗನಿಸುತ್ತದೆ.

ಈಗ ಮಗಳ ಪ್ರಶ್ನೆಗೆ ಬರೋಣ. ತನ್ನನ್ನು ಕೀಳಾಗಿ ಕಾಣುವವನು ಏನು ಮಾಡುತ್ತಾನೆ? ‘ನನ್ನಂಥವನು ಕೇಳಿದರೆ ಯಾರು ಕೊಡ್ತಾರೆ’ ಅಂತ ಸುಮ್ನೆ ಮೂಲೆ ಹಿಡಿಯುತ್ತಾನೆ. ಈ ಅಧಿಕಾರಿ ಸುಮ್ಮನಾಗಲಿಲ್ಲ. ಯೋಗ್ಯತೆ ಇಲ್ಲ ಅಂದ, ಅದೇ ಉಸಿರಿನಲ್ಲಿ ದೊಡ್ಡದನ್ನೇ ಕೇಳಿದ. ಬೇರೆಯವರು ‘ಬಂದು ಮುಟ್ಟಿ’ ಅಂತ ಬೇಡಿದರು, ಇವನಿಗೆ ಮಾತೊಂದೇ ಸಾಕು. ಕಾರಣವನ್ನೂ ಕೊಡುತ್ತಾನೆ: ನಾನೂ ಇನ್ನೊಬ್ಬರ ಅಧಿಕಾರದ ಕೆಳಗಿರುವವನು, ನನ್ನ ಕೆಳಗೂ ಸಿಪಾಯಿಗಳಿದ್ದಾರೆ, ಒಬ್ಬನಿಗೆ ‘ಹೋಗು’ ಅಂದರೆ ಹೋಗುತ್ತಾನೆ, ಇನ್ನೊಬ್ಬನಿಗೆ ‘ಬಾ’ ಅಂದರೆ ಬರುತ್ತಾನೆ. ಯೇಸುಸ್ವಾಮಿಯ ಮಾತಿಗೆ ಕಾಯಿಲೆಯೂ ಹಾಗೇ ತಲೆಬಾಗುತ್ತದೆ ಅನ್ನುವುದು ಅವನ ಲೆಕ್ಕ. ದಿನಾ ಮಾಡುವ ಕೆಲಸದಿಂದಲೇ ಅವನಿಗೆ ಆ ವಿಶ್ವಾಸ ಹೊಳೆದಿದೆ.

ಇದನ್ನು ಕೇಳಿ ಯೇಸುಸ್ವಾಮಿ ಬೆರಗಾದರು. ಶುಭಸಂದೇಶಗಳಲ್ಲಿ ಅವರು ಹೀಗೆ ಅಚ್ಚರಿಪಟ್ಟದ್ದು ಎರಡೇ ಸಂದರ್ಭದಲ್ಲಿ. ಇನ್ನೊಂದು ಅವರ ಸ್ವಂತ ಊರು ನಜರೇತಿನಲ್ಲಿ, ಅಲ್ಲಿನವರ ಅವಿಶ್ವಾಸ ನೋಡಿ. ಇಸ್ರಯೇಲಿನಲ್ಲೂ ಇಂಥ ವಿಶ್ವಾಸ ಕಾಣಲಿಲ್ಲ ಅಂತ ಜನರ ಮುಂದೆಯೇ ಅಂದರು.

ಒಂದು ವಿಷಯ ಗಟ್ಟಿಯಾಗಿ ಹೇಳಲೇಬೇಕು. ಕಾಯಿಲೆ ಬಿದ್ದವರ ಮನೆಗೆ ಹೋಗಿ ‘ನಿಮ್ಮ ವಿಶ್ವಾಸ ಸಾಲದು, ಅದಕ್ಕೇ ಗುಣ ಆಗ್ತಿಲ್ಲ’ ಅನ್ನುವವರಿದ್ದಾರೆ. ನೋವಿನ ಮೇಲೆ ಬರೆ ಎಳೆಯುವ ಮಾತದು. ಈ ಕತೆಯಲ್ಲಿ ರೋಗಿಗೆ ವಿಶ್ವಾಸ ಇತ್ತಾ ಅಂತ ಯಾರೂ ಕೇಳಲಿಲ್ಲ. ಅವನ ಪರವಾಗಿ ಇನ್ನೊಬ್ಬ ನಂಬಿದ, ಬೇಡಿದ. ಮಲಗಿದವನು ಮಲಗಿದ್ದಲ್ಲೇ ಗುಣವಾದ.

ಪೂಜೆಯ ಪ್ರಾರ್ಥನೆಗೆ ಬಂದಾಗ ಈ ಮಾತಿನಲ್ಲಿ ಒಂದು ಬದಲಾವಣೆ ಆಯಿತು. ಲ್ಯಾಟಿನ್ ಪಾಠದಲ್ಲಿ ‘ನನ್ನ ಆಳು’ ಇದ್ದ ಕಡೆ ‘ನನ್ನ ಆತ್ಮ’ ಬಂತು. ‘ನನ್ನ ಸೂರಿನಡಿ’ ಅನ್ನುವುದು ಹಾಗೇ ಉಳಿಯಿತು. ಹಳೆಯ ಲ್ಯಾಟಿನ್ ಪೂಜೆಯಲ್ಲಿ ಇದನ್ನು ಮೂರು ಸಲ ಹೇಳುತ್ತಿದ್ದರು, ಈಗ ಒಂದು ಸಲ. ಅಧಿಕಾರಿಯ ಜಾಗದಲ್ಲಿ ನಾವು ನಿಂತಿದ್ದೇವೆ, ಹಾಸಿಗೆ ಹಿಡಿದವರೂ ನಾವೇ.

ನಮ್ಮ ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಒಬ್ಬರು ಅಜ್ಜಿ ಕೂರುತ್ತಾರೆ. ಗುರುಗಳು ಪರಮಪ್ರಸಾದ ಎತ್ತಿ ತೋರಿಸಿದಾಗ ಎದೆ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ‘ಯೋಗ್ಯಳಲ್ಲ’ ಅನ್ನುತ್ತಾರೆ. ಆಮೇಲೆ ಸೆರಗು ತಲೆ ಮೇಲೆ ಎಳೆದುಕೊಂಡು, ಬೆಂಚು ಹಿಡಿದು ಏಳುತ್ತಾರೆ. ಮಂಡಿ ನೋವು ಇದೆ, ಆದರೂ ಸಾಲಿನಲ್ಲಿ ಮೊದಲು ನಿಲ್ಲುವುದು ಅವರೇ. ಮುಂದಿನ ಭಾನುವಾರ ನಿಮ್ಮ ಮಗಳಿಗೂ ಹೇಳಿ: ಆ ಮಾತು ಮುಗಿದ ಕೂಡಲೇ ಜನ ಎದ್ದು ಎತ್ತ ಹೋಗುತ್ತಾರೆ ಅಂತ ಸ್ವಲ್ಪ ನೋಡಲಿ.