ದಿನಾ ಪೋಸ್ಟ್ ಹಾಕಿದರೂ ಆರ್ಡರ್ ಯಾಕೆ ಬರುತ್ತಿಲ್ಲ?

ಪ್ರಶ್ನೆ: ನಮ್ಮದು ಮಲೆನಾಡಿನ ಸಣ್ಣ ರೈತ ಉತ್ಪಾದಕ ಕಂಪನಿ. ಮುರುಗಲು ಹಣ್ಣಿನ ಸಿರಪ್, ಜೇನುತುಪ್ಪ, ಜೋನಿ (ದ್ರವ) ಬೆಲ್ಲ, ಬಾಳೆಕಾಯಿ ಹುಡಿ ಮಾರುತ್ತೇವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರಲ್ಲೂ ಪೇಜ್ ಇದೆ. ಒಬ್ಬ ಹುಡುಗನನ್ನು ಇಟ್ಟುಕೊಂಡು ದಿನಾ ಪೋಸ್ಟ್ ಹಾಕಿಸುತ್ತೇವೆ. ಲೈಕ್ ಬರುತ್ತದೆ, ಆರ್ಡರ್ ಬರುವುದಿಲ್ಲ. ಕೇಳಿದರೆ ‘ನಿಮಗೊಂದು ಕಂಟೆಂಟ್ ಸ್ಟ್ರಾಟಜಿ ಬೇಕು’ ಅನ್ನುತ್ತಾರೆ. ಹಾಗಂದರೆ ಏನು? ನಮ್ಮಂಥವರು ಅದನ್ನು ಹೇಗೆ ಮಾಡಿಕೊಳ್ಳಬೇಕು?

ಉತ್ತರ: ನಿಮ್ಮ ಪರಿಚಯವೇ ಇಲ್ಲದ ಬೆಂಗಳೂರಿನ ಗೃಹಿಣಿಯೊಬ್ಬರು ನಿಮ್ಮ ಪೇಜ್ ತೆರೆದರು ಅಂದುಕೊಳ್ಳಿ. ಅವರಿಗೆ ಏನು ಕಾಣುತ್ತದೆ? ಇಂಥ ಸಂಸ್ಥೆಗಳ ಪೇಜ್‌ಗಳಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ: ವಾರ್ಷಿಕ ಮಹಾಸಭೆಯ ಫೋಟೊ, ಅಧ್ಯಕ್ಷರಿಗೆ ಶಾಲು ಹೊದಿಸಿದ್ದು, ಯುಗಾದಿ ಶುಭಾಶಯ, ದೀಪಾವಳಿ ಶುಭಾಶಯ, ನಡುನಡುವೆ ಬಾಟಲಿಯ ಚಿತ್ರ ಮತ್ತು ‘ಆರ್ಡರ್ ಮಾಡಲು ಕರೆ ಮಾಡಿ’ ಎಂಬ ಸಾಲು. ಲೈಕ್ ಒತ್ತುವವರು ಸಂಘದ ಸದಸ್ಯರು, ಅವರ ನೆಂಟರು. ಅವರ ಮನೆಯಲ್ಲಿ ಮುರುಗಲೂ ಇದೆ, ಜೇನೂ ಇದೆ. ಕೊಳ್ಳಬೇಕಾದವರಿಗೆ ಆ ಪೇಜ್‌ನಲ್ಲಿ ಬೇಕಾದದ್ದು ಒಂದೂ ಇಲ್ಲ.

ಸ್ಟ್ರಾಟಜಿ ಎಂಬ ಮಾತಿಗೆ ಹೆದರಬೇಡಿ. ಯಾರಿಗಾಗಿ ಬರೆಯುತ್ತೇವೆ, ಅವರ ಯಾವ ಪ್ರಶ್ನೆಗೆ ಉತ್ತರ ಕೊಡುತ್ತೇವೆ, ಎಲ್ಲಿ ಕೊಡುತ್ತೇವೆ, ಈ ಕೆಲಸ ಯಾರದು, ಫಲ ಬಂತೆಂದು ಹೇಗೆ ಗೊತ್ತಾಗುತ್ತದೆ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಆಡಳಿತ ಮಂಡಳಿಯ ಸಭೆಯಲ್ಲಿ ಒಪ್ಪಿಕೊಂಡರೆ ಅದೇ ಸ್ಟ್ರಾಟಜಿ. ಇದರಲ್ಲಿ ಎರಡನೆಯದು ಸರಿಯಾದರೆ ಉಳಿದವು ಅರ್ಧ ಸರಿಯಾದಂತೆ.

ಆ ಪ್ರಶ್ನೆಗಳು ಈಗಾಗಲೇ ನಿಮ್ಮ ಆಫೀಸಿಗೆ ಬರುತ್ತಿವೆ. ಫೋನ್ ಎತ್ತುವವರನ್ನು, ಪಾರ್ಸೆಲ್ ಕಟ್ಟುವವರನ್ನು, ಮೇಳದಲ್ಲಿ ಸ್ಟಾಲ್ ನೋಡಿಕೊಳ್ಳುವವರನ್ನು ಕೇಳಿ. ‘ಜೇನು ತಳದಲ್ಲಿ ಗಟ್ಟಿಯಾಗಿದೆ, ಸಕ್ಕರೆ ಬೆರೆಸಿದ್ದೀರಾ?’ ‘ಜೋನಿ ಬೆಲ್ಲಕ್ಕೆ ಫ್ರಿಜ್ ಬೇಕಾ?’ ‘ಒಂದು ಲೋಟಕ್ಕೆ ಎಷ್ಟು ಸಿರಪ್?’ ‘ಬರೀ ಬಾಳೆಕಾಯಿ ಹುಡಿಯಲ್ಲಿ ರೊಟ್ಟಿ ಮಾಡಿದರೆ ಹರಿಯುತ್ತದಲ್ಲ?’ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಕೇಳಿದವರ ಮಾತನ್ನು ಇದ್ದ ಹಾಗೇ ಒಂದು ತಿಂಗಳು ಬರೆದಿಡಿ. ಯಾವ ಪ್ರಶ್ನೆ ಹೆಚ್ಚು ಸಲ ಬಂದಿದೆಯೋ ಅದು ನಿಮ್ಮ ಮೊದಲ ವಿಡಿಯೊ.

ಜೇನಿನ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಜೇನಿನಲ್ಲಿರುವ ಗ್ಲುಕೋಸ್ ತಣ್ಣನೆಯ ಹವೆಯಲ್ಲಿ ಹರಳುಗಟ್ಟುತ್ತದೆ. ಅದು ಕಲಬೆರಕೆಯ ಗುರುತಲ್ಲ. ಬಿಸಿನೀರಿನ ಪಾತ್ರೆಯಲ್ಲಿ, ಕುದಿಯುವ ನೀರಲ್ಲ, ಬಾಟಲಿ ಇಟ್ಟರೆ ಮತ್ತೆ ತಿಳಿಯಾಗುತ್ತದೆ. ಇದನ್ನು ನಿಮ್ಮ ಜೇನು ಕೃಷಿಕರೊಬ್ಬರು ಪೆಟ್ಟಿಗೆಯ ಪಕ್ಕ ನಿಂತು ಎರಡು ನಿಮಿಷ ಹೇಳಲಿ. ಜೊತೆಗೆ, ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು ಎಂಬುದನ್ನೂ ಅವರೇ ಹೇಳಲಿ. ಮಾರುವವರೇ ‘ಇವರಿಗೆ ಕೊಡಬೇಡಿ’ ಎಂದಾಗ ಕೇಳುವವರಿಗೆ ಹುಟ್ಟುವ ನಂಬಿಕೆ ಹತ್ತು ಜಾಹೀರಾತಿನಿಂದ ಹುಟ್ಟುವುದಿಲ್ಲ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ, ನೀವು ಮಾರುತ್ತಿರುವ ಬಾಳೆಕಾಯಿ ಹುಡಿಯ ಕಥೆಯೇ ಇದೆ. ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟ ಪತ್ರಿಕೆ. 2021ರ ಕೊರೊನಾ ದಿನಗಳಲ್ಲಿ ಪತ್ರಿಕೆಯ ಶ್ರೀ ಪಡ್ರೆಯವರು ಮತ್ತು ಬಳಗ ವಾಟ್ಸ್‌ಆ್ಯಪ್‌ನಲ್ಲೇ ಬಾಳೆಕಾಯಿ ಹುಡಿ ಮಾಡುವುದನ್ನು ಜನರಿಗೆ ಕಲಿಸುವ ಕೆಲಸಕ್ಕೆ ಇಳಿದರು. ಬಾಳೆ, ಕಾಯಿ, ಹುಡಿ ಎಂಬ ಮೂರು ಪದಗಳ ಮೊದಲ ಅಕ್ಷರ ಸೇರಿಸಿ ‘ಬಾಕಾಹು’ ಎಂದು ಹೆಸರಿಟ್ಟರು. ದಕ್ಷಿಣ ಕನ್ನಡ, ಉತ್ತರ ಕನ್ನಡದ ಹೆಣ್ಣುಮಕ್ಕಳು ಮನೆಯಲ್ಲೇ ಹುಡಿ ಮಾಡಿ, ಅದರ ದೋಸೆ, ರೊಟ್ಟಿ, ಗುಲಾಬ್ ಜಾಮೂನು ಮಾಡಿ, ಫೋಟೊ ತೆಗೆದು ಹಂಚಿದರು. ಒಬ್ಬರ ಫೋಟೊ ನೋಡಿ ಇನ್ನೊಬ್ಬರು ಮಾಡಿದರು. ಅದೇ ವರ್ಷದ ಜುಲೈನಲ್ಲಿ ಪ್ರಧಾನಿ ತಮ್ಮ ರೇಡಿಯೊ ಭಾಷಣದಲ್ಲಿ ಇದರ ಬಗ್ಗೆ ಹೇಳುವ ಮಟ್ಟಕ್ಕೆ ಸುದ್ದಿ ಹೋಯಿತು.

ಅಲ್ಲಿ ಏನು ಕೆಲಸ ಮಾಡಿತು ಎಂದು ಸ್ವಲ್ಪ ನಿಂತು ನೋಡಬೇಕು. ಯಾರೂ ‘ನಮ್ಮ ಹುಡಿ ಕೊಳ್ಳಿ’ ಅನ್ನಲಿಲ್ಲ. ಹೀಗೆ ಮಾಡಬಹುದು ಎಂದು ತೋರಿಸಿದರು. ತೋರಿಸಿದವರು ಮಾಡಿ ನೋಡಿದವರೇ. ಹೆಸರು ಬಾಯಲ್ಲಿ ನಿಲ್ಲುವಂತಿತ್ತು. ಉಪಯೋಗಿಸಿದ ಜಾಗ, ಆ ಹೆಂಗಸರ ಕೈಯಲ್ಲಿ ಆಗಲೇ ಇದ್ದ ವಾಟ್ಸ್‌ಆ್ಯಪ್. ಮತ್ತೊಂದು, ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು: ನೋಡಿದವರೇ ಮುಂದಿನ ಪೋಸ್ಟ್ ಬರೆದರು. ನಿಮ್ಮ ಹುಡಿ ಕೊಂಡವರಿಗೆ ‘ಏನು ಮಾಡಿದಿರಿ, ಒಂದು ಫೋಟೊ ಕಳಿಸ್ತೀರಾ?’ ಎಂದು ಕೇಳಲು ಖರ್ಚೇನೂ ಇಲ್ಲ. ಅವರ ಒಪ್ಪಿಗೆ ಪಡೆದು ಹಾಕಿ. ಅಡುಗೆ ಕೆಟ್ಟರೆ ಯಾಕೆ ಕೆಟ್ಟಿತು ಎನ್ನುವುದನ್ನೂ ಹಾಕಿ.

ಇನ್ನು ಪದಗಳ ವಿಷಯ. ನೀವು ಮುರುಗಲು ಅನ್ನುತ್ತೀರಿ. ಘಟ್ಟ ಇಳಿದು ಪುತ್ತೂರಿಗೆ ಹೋದರೆ ಅದೇ ಹಣ್ಣು ಪುನರ್ಪುಳಿ. ಕರಾವಳಿಯಲ್ಲೇ ಕೆಲವರಿಗೆ ಬಿರಿಂಡ. ಬೆಂಗಳೂರು, ಪುಣೆಯಲ್ಲಿ ಕೋಕಂ. ನಿಮ್ಮ ವಿಡಿಯೊದ ತಲೆಬರಹದಲ್ಲಿ ಬರೀ ‘ಮುರುಗಲು’ ಇದ್ದರೆ ಮಂಗಳೂರಿನವರು ಹುಡುಕಿದಾಗ ಸಿಗುವುದು ಕಷ್ಟ. ತಲೆಬರಹದಲ್ಲಿ ಎರಡು ಹೆಸರು, ಕೆಳಗಿನ ವಿವರಣೆಯಲ್ಲಿ ನಾಲ್ಕೂ ಇರಲಿ. ಬಹಳ ಜನ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕುತ್ತಾರೆ, ವಿವರಣೆಯಲ್ಲಿ ಅದಕ್ಕೂ ಒಂದು ಸಾಲು ಕೊಡಿ. ವೆಬ್‌ಸೈಟ್ ಇದ್ದರೆ ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನ ಇದೆ. ಜನ ಯಾವ ಪದ ಹಾಕಿ ನಿಮ್ಮ ಪುಟಕ್ಕೆ ಬಂದರು ಎಂದು ಅದು ತೋರಿಸುತ್ತದೆ. ತಿಂಗಳಿಗೊಮ್ಮೆ ನೋಡಿ ಸಾಕು.

ಎಲ್ಲಿ ಹಾಕಬೇಕು? ಎಲ್ಲ ಕಡೆ ಇರಬೇಕು ಎಂಬ ಆಸೆ ಬಿಡಿ. ರೀಲ್ಸ್ ನಾಲ್ಕು ದಿನ ಓಡಿ ಕೆಳಗೆ ಹೋಗುತ್ತದೆ. ‘ಜೇನು ಯಾಕೆ ಗಟ್ಟಿಯಾಗುತ್ತದೆ’ ಎಂಬ ಯೂಟ್ಯೂಬ್ ವಿಡಿಯೊವನ್ನು ಮೂರು ವರ್ಷ ಬಿಟ್ಟೂ ಯಾರೋ ಹುಡುಕಿಕೊಂಡು ಬರುತ್ತಾರೆ. ಹಾಗಾಗಿ ಉತ್ತರಗಳಿಗೆ ಯೂಟ್ಯೂಬ್, ಒಮ್ಮೆ ಕೊಂಡವರ ಜೊತೆ ಒಡನಾಟಕ್ಕೆ ವಾಟ್ಸ್‌ಆ್ಯಪ್ ಎಂದು ಇಟ್ಟುಕೊಂಡರೆ ನಿಮ್ಮ ಗಾತ್ರದ ಸಂಸ್ಥೆಗೆ ಸಾಕು ಎಂಬುದು ನನ್ನ ಅಭಿಪ್ರಾಯ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ ಕ್ಯಾಟಲಾಗ್ ಮಾಡಬಹುದು, ಮತ್ತೆ ಮತ್ತೆ ಬರುವ ಪ್ರಶ್ನೆಗೆ ಸಿದ್ಧ ಉತ್ತರ ಇಟ್ಟುಕೊಳ್ಳಬಹುದು. ಒಂದೇ ಸಂದೇಶವನ್ನು ಹಲವರಿಗೆ ಪ್ರತ್ಯೇಕವಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ 256 ಜನರ ಮಿತಿ ಇದೆ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹೆಚ್ಚು ಜನರಿದ್ದರೆ ಭಾರತದಲ್ಲಿ 2023ರ ಸೆಪ್ಟೆಂಬರ್‌ನಿಂದ ಚಾನೆಲ್ ಸೌಲಭ್ಯ ಇದೆ, ಅಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಕೇಳದೆ ಯಾರನ್ನೂ ಗ್ರೂಪಿಗೆ ಸೇರಿಸಬೇಡಿ.

ಹಾಗೇ ಒಂದು ಮಾತು. ಪೇಜ್, ಚಾನೆಲ್ ಎಲ್ಲವೂ ಸಂಸ್ಥೆಯ ಇಮೇಲ್, ಸಂಸ್ಥೆಯ ಸಿಮ್‌ನಲ್ಲಿ ಇರಲಿ. ಆ ಹುಡುಗ ಕೆಲಸ ಬಿಟ್ಟು ಹೋದಾಗ ಪಾಸ್‌ವರ್ಡ್ ಕೂಡ ಅವನ ಜೊತೆ ಹೋಗಿ, ವರ್ಷಗಟ್ಟಲೆ ಕಟ್ಟಿದ್ದನ್ನು ಕಳೆದುಕೊಂಡ ಸಂಸ್ಥೆಗಳನ್ನು ನೋಡಿ ಬೇಸರವಾಗಿದೆ.

ಸಮಯವನ್ನು ಕ್ಯಾಲೆಂಡರಿನ ಹಬ್ಬಗಳಿಂದ ಲೆಕ್ಕ ಹಾಕದೆ ನಿಮ್ಮ ಬೆಳೆಯಿಂದ ಲೆಕ್ಕ ಹಾಕಿ. ಬಿಸಿಲು ಏರುವಾಗ ಜನ ತಂಪಿನ ಪಾನಕ ಹುಡುಕುತ್ತಾರೆ, ಆದರೆ ಮುರುಗಲು ಹಣ್ಣಾಗುವುದು ಏಪ್ರಿಲ್, ಮೇ ಹೊತ್ತಿಗೆ. ಅಂದರೆ ಮಾರ್ಚ್‌ನಲ್ಲಿ ಬೇಕಾದ ಕೊಯ್ಲಿನ ವಿಡಿಯೊವನ್ನು ಹಿಂದಿನ ವರ್ಷವೇ ತೆಗೆದಿಟ್ಟಿರಬೇಕು. ಆಲೆಮನೆಯೂ ಹಾಗೇ. ಗಾಣ ತಿರುಗುವ, ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುವ ಆ ಕೆಲವು ವಾರಗಳಲ್ಲಿ ಒಂದು ದಿನ ಪೂರ್ತಿ ಕೂತು ಚಿತ್ರೀಕರಿಸಿದರೆ ವರ್ಷವಿಡೀ ಬಳಸಬಹುದು. ದಿನಾ ಒಂದು ಪೋಸ್ಟ್ ಬೇಡ. ವಾರಕ್ಕೊಂದು ಉತ್ತರ ಕೊಡಿ, ತಪ್ಪಿಸಬೇಡಿ.

ಒಂದು ಎಚ್ಚರಿಕೆ, ಇದರಲ್ಲಿ ರಾಜಿ ಬೇಡ. ‘ಮುರುಗಲು ಕುಡಿದರೆ ತೂಕ ಇಳಿಯುತ್ತದೆ’, ‘ಬಾಳೆಕಾಯಿ ಹುಡಿ ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ’ ಎಂದು ಬರೆದರೆ ಶೇರ್ ಆಗುತ್ತದೆ, ನಿಜ. ಆದರೆ ಆಹಾರ ರೋಗ ವಾಸಿ ಮಾಡುತ್ತದೆ ಎಂದು ಜಾಹೀರಾತಿನಲ್ಲಿ ಹೇಳಿಕೊಳ್ಳುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳ ತಡೆ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ದಂಡದ ಮಾತು ಹಾಗಿರಲಿ, ನಿಮ್ಮ ಪೋಸ್ಟ್ ನಂಬಿ ಯಾರಾದರೂ ಮಾತ್ರೆ ಬಿಟ್ಟರೆ? ರುಚಿಯ ಬಗ್ಗೆ, ಬೆಳೆದವರ ಬಗ್ಗೆ, ಮಾಡುವ ಕ್ರಮದ ಬಗ್ಗೆ ಹೇಳಲು ನಿಮ್ಮಲ್ಲಿ ಬೇಕಾದಷ್ಟಿದೆ.

ಫಲ ಅಳೆಯುವುದು ಹೇಗೆ ಎಂದರೆ, ಲೈಕ್ ಎಣಿಸುವುದನ್ನು ನಿಲ್ಲಿಸಿ. ಪ್ರತಿ ಹೊಸ ಆರ್ಡರ್ ಬಂದಾಗ ‘ನಮ್ಮ ಬಗ್ಗೆ ಎಲ್ಲಿ ನೋಡಿದಿರಿ?’ ಎಂದು ಕೇಳಿ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎರಡನೇ ಸಲ ಕೊಂಡವರ ಹೆಸರಿನ ಕೆಳಗೆ ಒಂದು ಗೆರೆ ಎಳೆಯಿರಿ. ಮೊದಲ ಮೂರು ತಿಂಗಳು ಆ ಪುಟಗಳು ಹೆಚ್ಚು ತುಂಬುವುದಿಲ್ಲ, ಆಡಳಿತ ಮಂಡಳಿಯಲ್ಲಿ ಯಾರಾದರೂ ‘ಇದೆಲ್ಲ ಯಾಕೆ’ ಎಂದು ಕೇಳಿಯೇ ಕೇಳುತ್ತಾರೆ. ಅವರಿಗೆ ನೋಟ್‌ಬುಕ್ ತೋರಿಸಿ, ಮುಂದಿನ ಬೇಸಿಗೆ ಮುಗಿಯುವವರೆಗೆ ಸಮಯ ಕೇಳಿ.